ಎಲ್ಲರೂ ಮಂತ್ರ ಹಾಕುತ್ತಾರೆ, ತೀರ್ಮಾನ ಮಾಡುವ ಹೊತ್ತು ಬೇರೆ

ಆಟಿ ತಿಂಗಳಲ್ಲಿ ನಮ್ಮ ಕಡೆ ಮಳೆ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಆ ಹೊತ್ತಿಗೆ ತೋಟದಲ್ಲಿ ಕೆಲಸ ಕಡಿಮೆ, ಚೆನ್ನೆಮಣೆ ಅಟ್ಟದಿಂದ ಜಗಲಿಗೆ ಇಳಿಯುತ್ತದೆ. ಎರಡು ಮಳೆಗಾಲದಿಂದ ಅದೇ ಜಗಲಿಯಲ್ಲಿ ಇನ್ನೊಂದು ಆಟವೂ ನಡೆಯುತ್ತಿದೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಡಿಸುವವನು ನಾನು. ಆಡುವವರು ತಂಗಿ, ಭಾವ, ಪಕ್ಕದ ಮನೆಯ ಇಬ್ಬರು. ಈ ಸಲ ಪ್ಲಸ್ ಟು ಮುಗಿಸಿದ ಅಣ್ಣನ ಮಗಳೂ ಸೇರಿಕೊಂಡಳು.

ಅರ್ಧ ಗಂಟೆ ಪುಸ್ತಕ ತಿರುವಿ ಹಾಕಿ ಅವಳು ಕೇಳಿದಳು: "ಅಪ್ಪಚ್ಚಿ, ವಿಝರ್ಡ್, ಸೋರ್ಸರರ್, ವಾರ್ಲಾಕ್, ಕ್ಲೆರಿಕ್, ಎಲ್ಲರೂ ಮಂತ್ರವೇ ಹಾಕುವುದಲ್ವಾ? ಮತ್ತೆ ಎಂತ ವ್ಯತ್ಯಾಸ?"

ಒಬ್ಬರು ಬೆಂಕಿ ಹಾಕುತ್ತಾರೆ, ಒಬ್ಬರು ಗಾಯ ವಾಸಿ ಮಾಡುತ್ತಾರೆ ಎಂದು ಆಗ ಏನೋ ಹೇಳಿದೆ. ರಾತ್ರಿ ಮಲಗಿದಾಗ ಆ ಉತ್ತರ ಸರಿಯಾಗಲಿಲ್ಲ ಅನಿಸಿತು. ಒಬ್ಬರ ಮಂತ್ರ ಇನ್ನೊಬ್ಬರ ಪಟ್ಟಿಯಲ್ಲೂ ಇರುತ್ತದೆ. ಫೈರ್‌ಬಾಲ್ ವಿಝರ್ಡ್‌ಗೂ ಉಂಟು, ಸೋರ್ಸರರ್‌ಗೂ ಉಂಟು. ಕ್ಯೂರ್ ವೂಂಡ್ಸ್ ಕ್ಲೆರಿಕ್, ಡ್ರೂಯಿಡ್, ಬಾರ್ಡ್, ಪ್ಯಾಲಡಿನ್, ರೇಂಜರ್ ಐವರಿಗೂ ಉಂಟು. ಪಟ್ಟಿ ನೋಡಿ ಪಾತ್ರ ಆರಿಸಿಕೊಂಡವರು ನಾಲ್ಕು ವಾರದಲ್ಲಿ ಬೇಸರಪಟ್ಟುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಈಗ ಯಾರು ಕೇಳಿದರೂ ನನ್ನ ಉತ್ತರ ಒಂದೇ. ಯಾವ ಮಂತ್ರ ಹಾಕುವುದು ಎಂದು ನೀವು ತೀರ್ಮಾನ ಮಾಡುವುದು ಯಾವಾಗ, ಅದನ್ನು ನೋಡಿ. ಒಬ್ಬರು ತಿಂಗಳ ಹಿಂದೆ ತೀರ್ಮಾನ ಮಾಡಿರುತ್ತಾರೆ. ಒಬ್ಬರು ಈವತ್ತು ಬೆಳಗ್ಗೆ. ಒಬ್ಬರು ಈ ಕ್ಷಣ. ಒಬ್ಬರು ದಾಳ ಬಿದ್ದ ಮೇಲೆ.

ಆಟವೇ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಇದು ಅಮೆರಿಕದಲ್ಲಿ 1974ರಲ್ಲಿ ಬಂದ ಆಟ. ಮಾಡಿದವರು ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್. ಒಬ್ಬರು ಕಥೆ ನಡೆಸುತ್ತಾರೆ, ಅವರು ಡಂಜನ್ ಮಾಸ್ಟರ್. ಉಳಿದವರಿಗೆ ಒಂದೊಂದು ಪಾತ್ರ. ವಿಝರ್ಡ್, ಕ್ಲೆರಿಕ್ ಇವೆಲ್ಲ ಆ ಪಾತ್ರಗಳ ವರ್ಗಗಳು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದು ಅಪರಿಚಿತ ಅನಿಸುವುದಿಲ್ಲ. ಅಲ್ಲೂ ಪ್ರಸಂಗ ಇರುತ್ತದೆ, ಮಾತು ಕೂತಲ್ಲೇ ಹುಟ್ಟುತ್ತದೆ. ಆದರೆ ಇಲ್ಲಿ ಕರ್ಣ ಗೆಲ್ಲಲೂಬಹುದು. ಅದನ್ನು 20 ಮುಖದ ದಾಳ ಹೇಳುತ್ತದೆ. ಆಟದ 5ನೇ ಆವೃತ್ತಿ ಬಂದದ್ದು 2014ರಲ್ಲಿ, ಅದನ್ನು ತಿದ್ದಿದ ಪುಸ್ತಕ 2024ರಲ್ಲಿ. ನಾವು ಆಡುವುದು 2014ರ ನಿಯಮದಲ್ಲಿ, ಇಲ್ಲಿನ ಲೆಕ್ಕವೂ ಅದರದ್ದೇ. ಹೊಸದರಲ್ಲಿ ದೊಡ್ಡ ಬದಲಾವಣೆ ಇರುವಲ್ಲಿ ಹೇಳುತ್ತೇನೆ.

ಒಂದು ಪದದ ವಿಷಯ. ಕಾಸರಗೋಡಿನಲ್ಲಿ ‘ಮಂತ್ರವಾದಿ’ ಅಂದರೆ ಜನರ ಮನಸ್ಸಿಗೆ ಬರುವುದೇ ಬೇರೆ, ಅದರ ಜೊತೆ ಹೆದರಿಕೆಯೂ ಬರುತ್ತದೆ. ಹಾಗಾಗಿ ನಾವು ಆಟದಲ್ಲಿ ಆ ಪದ ಬಳಸುವುದಿಲ್ಲ. ‘ಮಂತ್ರ ಹಾಕುವವರು’ ಅನ್ನುತ್ತೇವೆ.

ಇನ್ನು ಸ್ಲಾಟ್. ಎಲ್ಲರೂ ಎಡವುವುದು ಇಲ್ಲೇ. ಮಂತ್ರ ಗೊತ್ತಿರುವುದು ಒಂದು, ಹಾಕುವ ಶಕ್ತಿ ಇರುವುದು ಇನ್ನೊಂದು. ಆ ಶಕ್ತಿಯ ಲೆಕ್ಕವೇ ಸ್ಲಾಟ್. ನಮ್ಮಲ್ಲಿ ಅದನ್ನು ಚೆನ್ನೆಮಣೆಯಲ್ಲಿ ಇಡುತ್ತೇವೆ. ಮಣೆಯ ಒಂದು ಬದಿಯಲ್ಲಿ 7 ಗುಳಿ. ಮೊದಲ ಗುಳಿ 1ನೇ ಹಂತದ ಮಂತ್ರಕ್ಕೆ, ಎರಡನೆಯದು 2ನೇ ಹಂತಕ್ಕೆ, ಹೀಗೆ. ಗುಳಿಯಲ್ಲಿ ಮಂಜೊಟ್ಟಿ ಕಾಳು. ಮಂತ್ರ ಹಾಕಿದಿರಾ, ಒಂದು ಕಾಳು ಹೊರಗೆ. ಕಾಗದದಲ್ಲಿ ಗೀಟು ಹಾಕುತ್ತಿದ್ದಾಗ ಅರ್ಥವಾಗದವರಿಗೂ ಖಾಲಿ ಗುಳಿ ಕಂಡರೆ ತಟ್ಟನೆ ಅರ್ಥವಾಗುತ್ತದೆ. ಆಟದಲ್ಲಿ 9 ಹಂತ ಇವೆ. ನಾವು ಇನ್ನೂ ಅಷ್ಟು ಎತ್ತರಕ್ಕೆ ಹೋಗಿಲ್ಲ, 7 ಗುಳಿ ಧಾರಾಳ ಸಾಕು.

5ನೇ ಲೆವೆಲ್‌ನ ವಿಝರ್ಡ್‌ಗೆ ಮೊದಲ ಗುಳಿಯಲ್ಲಿ 4 ಕಾಳು, ಎರಡನೆಯದರಲ್ಲಿ 3, ಮೂರನೆಯದರಲ್ಲಿ 2. ಅಷ್ಟೇ. ಸಣ್ಣ ಹಂತದ ಮಂತ್ರವನ್ನು ದೊಡ್ಡ ಗುಳಿಯ ಕಾಳಿನಿಂದ ಹಾಕಬಹುದು, ಹಾಗೆ ಹಾಕಿದರೆ ಎಷ್ಟೋ ಮಂತ್ರಗಳಿಗೆ ಬಲ ಹೆಚ್ಚುತ್ತದೆ. ಮ್ಯಾಜಿಕ್ ಮಿಸೈಲ್‌ಗೆ ಮೊದಲ ಗುಳಿಯ ಕಾಳು ಕೊಟ್ಟರೆ 3 ಬಾಣ, ಮೂರನೇ ಗುಳಿಯದು ಕೊಟ್ಟರೆ 5. ದೊಡ್ಡ ಮಂತ್ರವನ್ನು ಸಣ್ಣ ಕಾಳಿನಿಂದ ಹಾಕಲು ಆಗುವುದಿಲ್ಲ.

ಲೆವೆಲ್ ಮತ್ತು ಹಂತ ಒಂದೇ ಅಲ್ಲ. ಇಂಗ್ಲಿಷ್ ಪುಸ್ತಕದಲ್ಲಿ ಎರಡಕ್ಕೂ ಒಂದೇ ಪದ, ಅದರಿಂದಲೇ ಹೊಸಬರಿಗೆ ಗೊಂದಲ. ಪಾತ್ರ ಬೆಳೆಯುವುದು ಲೆವೆಲ್, 1ರಿಂದ 20. ಮಂತ್ರದ ದೊಡ್ಡತನ ಹಂತ, 1ರಿಂದ 9. ಪೂರ್ತಿ ಮಂತ್ರದ್ದೇ ಬದುಕಿನವರಿಗೆ, ಅಂದರೆ ವಿಝರ್ಡ್, ಸೋರ್ಸರರ್, ಕ್ಲೆರಿಕ್, ಡ್ರೂಯಿಡ್, ಬಾರ್ಡ್ ಇವರಿಗೆ, ಬೆಸ ಲೆವೆಲ್‌ಗೊಂದು ಹೊಸ ಹಂತ ತೆರೆಯುತ್ತದೆ. 3ನೇ ಹಂತ 5ನೇ ಲೆವೆಲ್‌ನಲ್ಲಿ, 9ನೇ ಹಂತ 17ನೇ ಲೆವೆಲ್‌ನಲ್ಲಿ. ಅರ್ಧ ಕತ್ತಿ ಅರ್ಧ ಮಂತ್ರದ ಪ್ಯಾಲಡಿನ್ ಮತ್ತು ರೇಂಜರ್ 2ನೇ ಲೆವೆಲ್‌ನಲ್ಲಿ ಶುರು ಮಾಡಿ 17ರಲ್ಲಿ 5ನೇ ಹಂತಕ್ಕೆ ತಲುಪಿ ಅಲ್ಲೇ ನಿಲ್ಲುತ್ತಾರೆ. 2024ರ ಪುಸ್ತಕದಲ್ಲಿ ಇವರಿಗೂ ಮೊದಲ ಲೆವೆಲ್‌ನಲ್ಲೇ ಮಂತ್ರ ಸಿಗುತ್ತದೆ.

ಕಾಳು ಖರ್ಚಾಗದ ಮಂತ್ರವೂ ಉಂಟು. ಅದು ಕ್ಯಾಂಟ್ರಿಪ್, ದಿನಕ್ಕೆ ಎಷ್ಟು ಸಲ ಬೇಕಾದರೂ ಹಾಕಬಹುದು. ಇನ್ನೊಂದು ನಿಯಮ ಕಾನ್ಸಂಟ್ರೇಶನ್, ಇದನ್ನು ಮರೆತರೆ ಆಟ ಕೆಡುತ್ತದೆ. ಕೆಲವು ಮಂತ್ರ ಹಾಕಿ ಬಿಟ್ಟರೆ ಆಗುವುದಿಲ್ಲ, ಮನಸ್ಸಿನಲ್ಲಿ ಹಿಡಿದುಕೊಂಡೇ ಇರಬೇಕು. ಒಂದು ಹೊತ್ತಿಗೆ ಅಂಥದ್ದು ಒಂದೇ. ಪೆಟ್ಟು ಬಿದ್ದರೆ ದಾಳ ಹಾಕಿ ಕನಿಷ್ಠ 10 ಬರಿಸಬೇಕು, ಪೆಟ್ಟು ದೊಡ್ಡದಾದರೆ ಅದರ ಅರ್ಧ. ಬರದಿದ್ದರೆ ಮಂತ್ರ ಬಿಟ್ಟುಹೋಯಿತು. ಸಾಧಾರಣ ಗಟ್ಟಿ ದೇಹದ, ದಾಳಕ್ಕೆ 2 ಸೇರಿಸಿಕೊಳ್ಳುವ ಪಾತ್ರಕ್ಕೆ ಸಣ್ಣ ಪೆಟ್ಟಿನಲ್ಲಿ ಮಂತ್ರ ಉಳಿಸಿಕೊಳ್ಳುವ ಅವಕಾಶ ನೂರಕ್ಕೆ 65. ಹೊಸಬರು ಇಂಥ ಮಂತ್ರಗಳನ್ನೇ ಐದಾರು ಆರಿಸಿಕೊಂಡು ಒಂದು ಹೊತ್ತಿಗೆ ಒಂದಕ್ಕಿಂತ ಹೆಚ್ಚು ಬಳಸಲಾಗದೆ ಒದ್ದಾಡುತ್ತಾರೆ. ಆರಿಸುವಾಗಲೇ ನೋಡಿಕೊಳ್ಳಿ.

ಈಗ ತೀರ್ಮಾನದ ಹೊತ್ತಿಗೆ ಬರುತ್ತೇನೆ. ಎಲ್ಲರಿಗಿಂತ ಮುಂಚೆ ತೀರ್ಮಾನ ಶುರು ಮಾಡುವವರು ವಿಝರ್ಡ್.

ವಿಝರ್ಡ್‌ನ ಬಲ ಪುಸ್ತಕದಲ್ಲಿ. ಮೊದಲ ಲೆವೆಲ್‌ನಲ್ಲಿ ಅದರಲ್ಲಿ 6 ಮಂತ್ರ, ಆಮೇಲೆ ಲೆವೆಲ್‌ಗೆ ಎರಡರಂತೆ. 5ನೇ ಲೆವೆಲ್‌ಗೆ ಬರುವಾಗ 14. ಇದು ತಾನಾಗಿ ಬಂದದ್ದು. ಇದರ ಮೇಲೆ, ಎಲ್ಲಾದರೂ ಹಳೆಯ ಸುರುಳಿ ಸಿಕ್ಕಿದರೆ, ಇನ್ನೊಬ್ಬ ವಿಝರ್ಡ್‌ನ ಪುಸ್ತಕ ಸಿಕ್ಕಿದರೆ, ನಕಲು ಮಾಡಿಕೊಳ್ಳಬಹುದು. ಹಂತಕ್ಕೆ 2 ಗಂಟೆ, 50 ಚಿನ್ನದ ನಾಣ್ಯ. 3ನೇ ಹಂತದ ಒಂದು ಮಂತ್ರಕ್ಕೆ 6 ಗಂಟೆ, 150 ನಾಣ್ಯ. ಬೇರೆಯವರು ಗುಹೆಯಲ್ಲಿ ಕತ್ತಿ, ಕವಚ ಹುಡುಕುವಾಗ ವಿಝರ್ಡ್ ಆಡುವ ನನ್ನ ತಂಗಿ ಕಾಗದ ಹುಡುಕುತ್ತಾಳೆ.

ಪುಸ್ತಕದಲ್ಲಿ ಇದ್ದ ಮಾತ್ರಕ್ಕೆ ಎಲ್ಲವನ್ನೂ ಈವತ್ತು ಹಾಕಲು ಆಗುವುದಿಲ್ಲ. ಬೆಳಗ್ಗೆ ಎದ್ದು ಕೆಲವನ್ನು ಸಿದ್ಧ ಮಾಡಿಕೊಳ್ಳಬೇಕು. ಲೆವೆಲ್ 5, ಬುದ್ಧಿಯ ಅಂಕ 4 ಆದರೆ ಒಟ್ಟು 9. ನಾಳೆ ಹೊಳೆ ದಾಟಬೇಕೋ, ಕೋಟೆ ಹೊಗಬೇಕೋ, ಸಭೆಯಲ್ಲಿ ಮಾತಾಡಬೇಕೋ, ಅದನ್ನು ಅಂದಾಜು ಮಾಡುವುದೇ ವಿಝರ್ಡ್‌ನ ಆಟ. ಅಂದಾಜು ಸರಿಯಾದ ದಿನ ಇವರಷ್ಟು ಬಲಶಾಲಿ ಬೇರೆ ಇಲ್ಲ. ತಪ್ಪಿದ ದಿನ ಮೂಲೆಯಲ್ಲಿ ನಿಂತು ಕ್ಯಾಂಟ್ರಿಪ್ ಹಾಕುತ್ತಿರಬೇಕು.

ತಪ್ಪಿದ ದಿನಕ್ಕೂ ಒಂದು ಆಸರೆ ಇದೆ, ಅದು ರಿಚುವಲ್. ಕೆಲವು ಮಂತ್ರಗಳನ್ನು 10 ನಿಮಿಷ ಜಾಸ್ತಿ ತೆಗೆದುಕೊಂಡು ನಿಧಾನ ಹಾಕಿದರೆ ಕಾಳು ಖರ್ಚಾಗುವುದಿಲ್ಲ. ಕ್ಲೆರಿಕ್, ಡ್ರೂಯಿಡ್ ಆದರೆ ಅದನ್ನೂ ಸಿದ್ಧ ಮಾಡಿಕೊಂಡಿರಬೇಕು. ವಿಝರ್ಡ್‌ಗೆ ಪುಸ್ತಕದಲ್ಲಿ ಇದ್ದರೆ ಸಾಕು. ನಮ್ಮ ಕಥೆಯಲ್ಲಿ ಒಂದು ಶಾಸನ ಓದಬೇಕಿತ್ತು. ಸಪ್ತಭಾಷೆಯ ಊರಿನವರಾದರೂ ಯಾರಿಗೂ ಆ ಲಿಪಿ ಗೊತ್ತಿಲ್ಲ. ತಂಗಿ ಕಾಂಪ್ರಹೆಂಡ್ ಲ್ಯಾಂಗ್ವೇಜಸ್ ಮಂತ್ರವನ್ನು ರಿಚುವಲ್ ಆಗಿ ಹಾಕಿದಳು, ಮಣೆಯ ಒಂದು ಕಾಳೂ ಕದಲಲಿಲ್ಲ. ವಿಝರ್ಡ್ ಆರಿಸಿಕೊಂಡವರಿಗೆ ನಾನು ಹೇಳುವುದು ಇಷ್ಟು: ಮೊದಲ ಆರರಲ್ಲಿ ಕನಿಷ್ಠ ಎರಡು ರಿಚುವಲ್ ಇರಲಿ.

ಕ್ಲೆರಿಕ್ ಮತ್ತು ಡ್ರೂಯಿಡ್ ಕೂಡ ಬೆಳಗ್ಗೆಯ ಜನ. ಆದರೆ ಇವರು ಪುಸ್ತಕ ಕಟ್ಟುವುದಿಲ್ಲ. ತಮ್ಮ ವರ್ಗದ ಇಡೀ ಪಟ್ಟಿ ಇವರದ್ದೇ. ತೆರೆದ ಹಂತದವರೆಗೆ ಯಾವುದನ್ನಾದರೂ ಈವತ್ತು ತೆಗೆದುಕೊಳ್ಳಬಹುದು, ನಾಳೆ ಬಿಟ್ಟು ಬೇರೆ ತೆಗೆದುಕೊಳ್ಳಬಹುದು. ಹಾಗಾಗಿ ಹೊಸಬರು ತಪ್ಪು ಮಾಡಿದರೂ ಒಂದೇ ದಿನದ ತಪ್ಪು. ಹೊಸಬರಿಗೆ ಕ್ಲೆರಿಕ್ ಕೊಡಬೇಡಿ, ಕಷ್ಟ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪಟ್ಟಿ ಉದ್ದ ನಿಜ, ಆದರೆ ಕಲಿಯಲು ಇಷ್ಟು ಸಲೀಸಾದ ಪಾತ್ರ ಇನ್ನೊಂದಿಲ್ಲ.

ಕ್ಲೆರಿಕ್ ಅಂದರೆ ಬರೀ ಮದ್ದು ಹಚ್ಚುವವರು ಎಂಬುದೂ ತಪ್ಪು. ಕವಚ ತೊಡುತ್ತಾರೆ, ಗುರಾಣಿ ಹಿಡಿಯುತ್ತಾರೆ. ಬ್ಲೆಸ್ ಎಂಬ 1ನೇ ಹಂತದ ಮಂತ್ರ ಮೂವರಿಗೆ ಪ್ರತಿ ಹೊಡೆತದಲ್ಲೂ 4 ಮುಖದ ಒಂದು ದಾಳ ಸೇರಿಸಿಕೊಡುತ್ತದೆ. ಸಣ್ಣ ಲೆವೆಲ್‌ನಲ್ಲಿ ಇದಕ್ಕೆ ಸಮನಾದ್ದು ಕಡಿಮೆ. ಗಾಯದ ವಿಷಯದಲ್ಲಿ ಒಂದು ಗುಟ್ಟು: ಹೀಲಿಂಗ್ ವರ್ಡ್ ವಾಸಿ ಮಾಡುವುದು ಸ್ವಲ್ಪವೇ, 4 ಮುಖದ ಒಂದು ದಾಳ ಮತ್ತು ಅದರ ಮೇಲೆ ಕೆಲವು ಅಂಕ. ಆದರೆ 60 ಅಡಿ ದೂರದಿಂದ ಹಾಕಬಹುದು, ಹಾಕಿಯೂ ಅದೇ ಸರದಿಯಲ್ಲಿ ಬೇರೆ ಕೆಲಸ ಮಾಡಬಹುದು. ಬಿದ್ದವನನ್ನು ಎಬ್ಬಿಸಿ ನಿಲ್ಲಿಸಲು ಅಷ್ಟು ಸಾಕು. ಪೂರ್ತಿ ಆರೋಗ್ಯ ತುಂಬಿಸುತ್ತಾ ಕೂತರೆ ಕಾಳು ಮುಗಿಯುತ್ತದೆ, ವೈರಿ ಮುಗಿಯುವುದಿಲ್ಲ.

ಡ್ರೂಯಿಡ್ ಕಾಡಿನವರು. 2ನೇ ಲೆವೆಲ್‌ನಿಂದ ಪ್ರಾಣಿಯ ರೂಪ ತಾಳುತ್ತಾರೆ, ಆ ರೂಪದಲ್ಲಿ ಮಂತ್ರ ಹಾಕಲು ಆಗುವುದಿಲ್ಲ, ಆದರೆ ಮೊದಲೇ ಹಾಕಿದ ಮಂತ್ರವನ್ನು ಮನಸ್ಸಿನಲ್ಲಿ ಹಿಡಿದಿಡಬಹುದು. ಎಂಟ್ಯಾಂಗಲ್ ಹಾಕಿ ಬಳ್ಳಿಗಳಿಂದ ವೈರಿಯ ಕಾಲು ಕಟ್ಟಿ, ಆಮೇಲೆ ತೋಳವಾಗಿ ಹಾರುವುದು ನಮ್ಮ ಭಾವನ ಮೆಚ್ಚಿನ ವರಸೆ.

ಇನ್ನು ಸೋರ್ಸರರ್. ಜಾಸ್ತಿ ತಪ್ಪು ತಿಳುವಳಿಕೆ ಇರುವುದು ಈ ಪಾತ್ರದ ಬಗ್ಗೆ. ನನಗೆ ಜಾಸ್ತಿ ಇಷ್ಟವಾದದ್ದೂ ಇದೇ. ಸ್ವಲ್ಪ ಹಿಂದಕ್ಕೆ ಹೋಗಿ ಹೇಳಬೇಕು.

ಆಟದ ಹಳೆಯ ಆವೃತ್ತಿಗಳಲ್ಲಿ ವಿಝರ್ಡ್ ಬೆಳಗ್ಗೆ ಸಿದ್ಧ ಮಾಡಿಕೊಳ್ಳುವ ರೀತಿ ಇನ್ನೂ ಬಿಗಿಯಾಗಿತ್ತು. ಪ್ರತಿ ಕಾಳಿನ ಮೇಲೂ ಮಂತ್ರದ ಹೆಸರು ಬರೆದ ಹಾಗೆ. ಫೈರ್‌ಬಾಲ್ ಎರಡು ಸಲ ಬೇಕು ಅಂದರೆ ಎರಡು ಕಾಳಿಗೆ ಅದೇ ಹೆಸರು. ಒಮ್ಮೆ ಹಾಕಿದರೆ ಆ ಮಂತ್ರ ಮನಸ್ಸಿನಿಂದಲೇ ಅಳಿಸಿ ಹೋಗುತ್ತದೆ. ಜ್ಯಾಕ್ ವ್ಯಾನ್ಸ್ ಎಂಬ ಲೇಖಕರ ಕಥೆಗಳಿಂದ ಬಂದ ಕಲ್ಪನೆ ಇದು, ಅದಕ್ಕೇ ಇವತ್ತಿಗೂ ಈ ಪದ್ಧತಿಗೆ ಅವರ ಹೆಸರೇ. 2000ದಲ್ಲಿ 3ನೇ ಆವೃತ್ತಿ ಬಂದಾಗ ಅದರ ಜೊತೆ ಸೋರ್ಸರರ್ ಬಂದರು. ಇವರಿಗೆ ಗೊತ್ತಿರುವ ಮಂತ್ರ ಕಡಿಮೆ, ಆದರೆ ಕಾಳಿನ ಮೇಲೆ ಹೆಸರಿಲ್ಲ. ಯಾವ ಕಾಳಿನಿಂದ ಯಾವ ಮಂತ್ರ ಎಂದು ಆ ಕ್ಷಣ ತೀರ್ಮಾನ ಮಾಡಬಹುದು. ಆಗ ಅದು ದೊಡ್ಡ ಸ್ವಾತಂತ್ರ್ಯವಾಗಿತ್ತು.

2014ರಲ್ಲಿ ಏನಾಯಿತು? ಎಲ್ಲರ ಕಾಳಿನ ಮೇಲಿನ ಹೆಸರನ್ನೂ ಅಳಿಸಿಬಿಟ್ಟರು. ವಿಝರ್ಡ್ ಕೂಡ ಸಿದ್ಧ ಮಾಡಿಕೊಂಡ 9ರಲ್ಲಿ ಯಾವುದನ್ನು ಎಷ್ಟು ಸಲ ಬೇಕಾದರೂ ಹಾಕಬಹುದು ಎಂದಾಯಿತು. ಸೋರ್ಸರರ್‌ನ ಆಸ್ತಿ ಎಲ್ಲರಿಗೂ ಹಂಚಿಹೋಯಿತು, ಅವರ ಬಡತನ ಮಾತ್ರ ಹಾಗೇ ಉಳಿಯಿತು. 5ನೇ ಲೆವೆಲ್‌ನಲ್ಲಿ ವಿಝರ್ಡ್‌ನ ಪುಸ್ತಕದಲ್ಲಿ ಕನಿಷ್ಠ 14 ಮಂತ್ರ ಇರುವಾಗ ಸೋರ್ಸರರ್‌ಗೆ ಗೊತ್ತಿರುವುದು 6. 20ನೇ ಲೆವೆಲ್‌ನಲ್ಲೂ 15. ಬದಲಿಸಬೇಕಾದರೆ ಲೆವೆಲ್ ಏರುವಾಗ ಒಂದೇ ಒಂದು. ವಿಝರ್ಡ್‌ಗಿಂತ ಇವರು ಯಾಕೆ ಎಂದು ಕೇಳುವವರ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಉತ್ತರ ಮೆಟಾಮ್ಯಾಜಿಕ್, ಅಂದರೆ ಮಂತ್ರ ಹಾಕುವ ರೀತಿಯನ್ನೇ ಬದಲಿಸುವ ಶಕ್ತಿ. ಯಾವ ಮಂತ್ರ ಎಂಬ ತೀರ್ಮಾನ ಸೋರ್ಸರರ್ ತಿಂಗಳ ಹಿಂದೆಯೇ ಮಾಡಿ ಮುಗಿಸಿರುತ್ತಾರೆ. ಅದನ್ನು ಹೇಗೆ ಹಾಕುವುದು ಎಂಬ ತೀರ್ಮಾನ ಮಾತ್ರ ಆ ಕ್ಷಣದ್ದು. ತಾಳಮದ್ದಳೆಯಲ್ಲಿ ಹತ್ತು ಪುರಾಣ ಓದಿ ಬರುವ ಅರ್ಥಧಾರಿಗಳು ಇದ್ದಾರೆ. ನಾಲ್ಕೇ ಪಾತ್ರ ಹಿಡಿದು, ಒಂದೇ ಪದ್ಯಕ್ಕೆ ಪ್ರತಿ ರಾತ್ರಿ ಬೇರೆ ಬೇರೆ ಅರ್ಥ ಹೇಳುವವರೂ ಇದ್ದಾರೆ. ಸೋರ್ಸರರ್ ಆ ಎರಡನೆಯ ಬಗೆ.

ಇದರ ಲೆಕ್ಕ ಸುಲಭ. 2ನೇ ಲೆವೆಲ್‌ನಿಂದ ಲೆವೆಲ್‌ನಷ್ಟೇ ಸೋರ್ಸರಿ ಪಾಯಿಂಟ್, 3ನೇ ಲೆವೆಲ್‌ನಲ್ಲಿ ಎರಡು ಬಗೆಯ ಮೆಟಾಮ್ಯಾಜಿಕ್, ಅದಕ್ಕೆ ಕೊಡುವ ಬೆಲೆ ಆ ಪಾಯಿಂಟ್. ಟ್ವಿನ್ಡ್ ಅಂದರೆ ಒಬ್ಬರ ಮೇಲೆ ಹಾಕುವ ಮಂತ್ರವನ್ನು ಇಬ್ಬರ ಮೇಲೆ ಹಾಕುವುದು, ಮಂತ್ರದ ಹಂತದಷ್ಟು ಪಾಯಿಂಟ್. ಕ್ವಿಕನ್ಡ್ ಅಂದರೆ ಬೇಗ ಹಾಕಿ ಕೈ ಖಾಲಿ ಮಾಡಿಕೊಳ್ಳುವುದು, 2 ಪಾಯಿಂಟ್. ಇದರಿಂದ ಒಂದೇ ಸರದಿಯಲ್ಲಿ ಎರಡು ಫೈರ್‌ಬಾಲ್ ಹಾಕಬಹುದು ಎಂದು ಬಹಳ ಜನ ಅಂದುಕೊಂಡಿದ್ದಾರೆ. ಆಗುವುದಿಲ್ಲ. ಜೊತೆಗೆ ಹಾಕುವ ಇನ್ನೊಂದು ಮಂತ್ರ ಕ್ಯಾಂಟ್ರಿಪ್ ಆಗಿರಬೇಕು. ಕೇರ್‌ಫುಲ್ ಅಂದರೆ ನಮ್ಮವರನ್ನು ಬಿಟ್ಟು ಹಾಕುವುದು, 1 ಪಾಯಿಂಟ್. ಆದರೆ ಫೈರ್‌ಬಾಲ್‌ನಲ್ಲಿ ತಪ್ಪಿಸಿಕೊಂಡವರಿಗೂ ಅರ್ಧ ಪೆಟ್ಟು ಉಂಟು. ಆ ಮಂತ್ರ 6 ಮುಖದ 8 ದಾಳ, ಸರಾಸರಿ 28. ಅರ್ಧ 14 ನಮ್ಮವರಿಗೇ ಬೀಳುತ್ತದೆ. 2024ರಲ್ಲಿ ಇದನ್ನು ತಿದ್ದಿದ್ದಾರೆ, ಈಗ ಅವರಿಗೆ ಪೆಟ್ಟೇ ಇಲ್ಲ.

ನಾನು ಎಲ್ಲಕ್ಕಿಂತ ಮೇಲೆ ಇಡುವುದು ಸಟಲ್ ಎಂಬುದನ್ನು. 1 ಪಾಯಿಂಟ್ ಕೊಟ್ಟರೆ ಬಾಯಿ ತೆರೆಯಬೇಕಾಗಿಲ್ಲ, ಕೈ ಆಡಿಸಬೇಕಾಗಿಲ್ಲ. ಯುದ್ಧದಲ್ಲಿ ಇದರ ಬೆಲೆ ಗೊತ್ತಾಗುವುದಿಲ್ಲ. ಸೆರೆ ಸಿಕ್ಕಾಗ ಗೊತ್ತಾಗುತ್ತದೆ. ಮಿಸ್ಟಿ ಸ್ಟೆಪ್ ಎಂಬ ಮಂತ್ರ 30 ಅಡಿ ದೂರಕ್ಕೆ, ಕಣ್ಣಿಗೆ ಕಾಣುವ ಜಾಗಕ್ಕೆ ಕ್ಷಣದಲ್ಲಿ ಒಯ್ಯುತ್ತದೆ. ಅದಕ್ಕೆ ಬಾಯಿ ಬೇಕು. ಬಾಯಿಗೆ ಬಟ್ಟೆ ತುರುಕಿದರೆ ವಿಝರ್ಡ್‌ನ ಕಥೆ ಮುಗಿಯಿತು. ಸೋರ್ಸರರ್ ಕಿಟಕಿಯ ಸರಳಿನ ಆಚೆ ನೋಡಿದರೆ ಸಾಕು.

ಬಾರ್ಡ್ ಕೂಡ ಇಂತಿಷ್ಟೇ ಮಂತ್ರ ಕಲಿತವರು, ಬದಲಿಸುವುದು ಲೆವೆಲ್ ಏರುವಾಗ ಮಾತ್ರ. ಆದರೆ ಸಂಖ್ಯೆ ಸೋರ್ಸರರ್‌ಗಿಂತ ಉತ್ತಮ, 5ನೇ ಲೆವೆಲ್‌ನಲ್ಲಿ 8. ಇವರ ವಿಶೇಷ ಬೇರೆ. ತೀರ್ಮಾನವನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ. ಇನ್‌ಸ್ಪಿರೇಶನ್ ಎಂಬ ಒಂದು ದಾಳವನ್ನು ಜೊತೆಗಾರರಿಗೆ ಕೊಟ್ಟರೆ, ಅವರು ತಮ್ಮ 20 ಮುಖದ ದಾಳ ಬಿದ್ದದ್ದನ್ನು ನೋಡಿ, ಡಂಜನ್ ಮಾಸ್ಟರ್ ಫಲ ಹೇಳುವ ಮೊದಲು, ಅದನ್ನು ಸೇರಿಸಬೇಕೋ ಬೇಡವೋ ಎಂದು ನಿರ್ಧರಿಸಬಹುದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಇಲ್ಲಿಂದ ದೂರವಿಲ್ಲ, ಇದು ನಮಗೆ ತಿಳಿಯದ ಸಂಗತಿ ಅಲ್ಲ. ಭಾಗವತರು ಕುಣಿಯುವುದಿಲ್ಲ. ಅವರು ಪದ ಎತ್ತಿದ ರೀತಿಗೆ ವೇಷಧಾರಿಯ ಹೆಜ್ಜೆ ಏಳುತ್ತದೆ. ಬಾರ್ಡ್ ಆಡುವವರು ತಾವೇ ಎಲ್ಲ ಮಾಡಲು ಹೊರಟರೆ ಸೋಲುತ್ತಾರೆ. 10ನೇ ಲೆವೆಲ್‌ನಲ್ಲಿ ಬೇರೆ ಯಾವ ವರ್ಗದಿಂದಲಾದರೂ ಎರಡು ಮಂತ್ರ ತೆಗೆದುಕೊಳ್ಳುವ ಅವಕಾಶವೂ ಇವರಿಗಿದೆ.

ವಾರ್ಲಾಕ್ ಲೆಕ್ಕವೇ ಪೂರ್ತಿ ಬೇರೆ. ಕಥೆಯಲ್ಲಿ ಇವರು ಲೋಕದಾಚೆಯ ಒಂದು ಶಕ್ತಿಯ ಜೊತೆ ಕರಾರು ಮಾಡಿಕೊಂಡವರು. ಪೂಜೆ ಅಲ್ಲ, ಭಕ್ತಿ ಅಲ್ಲ, ಕರಾರು. ಮಣೆಯಲ್ಲಿ ನೋಡಿದರೆ ಪಾಪ ಅನಿಸುತ್ತದೆ. ಎಲ್ಲ ಗುಳಿ ಖಾಲಿ, ಒಂದರಲ್ಲಿ ಮಾತ್ರ ಎರಡು ಕಾಳು. 2ನೇ ಲೆವೆಲ್‌ನಿಂದ 10ರವರೆಗೂ ಎರಡೇ. ಆದರೆ ಆ ಎರಡೂ ಯಾವಾಗಲೂ ಅವರಿಗೆ ತೆರೆದ ಅತಿ ದೊಡ್ಡ ಗುಳಿಯಲ್ಲಿ ಇರುತ್ತವೆ. 5ನೇ ಲೆವೆಲ್‌ನಲ್ಲಿ ಮೂರನೇ ಗುಳಿ, 9ರಲ್ಲಿ ಐದನೇ ಗುಳಿ. ಬೇರೆಯವರ ಕಾಳು ತುಂಬುವುದು 8 ಗಂಟೆಯ ದೊಡ್ಡ ವಿಶ್ರಾಂತಿಯ ನಂತರ. ವಾರ್ಲಾಕ್‌ನದ್ದು ಒಂದು ಗಂಟೆಯ ಸಣ್ಣ ವಿಶ್ರಾಂತಿಗೇ ತುಂಬುತ್ತದೆ.

ಬಾಯಾರು, ಶೇಣಿ ಕಡೆಯ ಸುರಂಗ ನೋಡಿದ್ದೀರಾ? ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಬಾವಿ. ಬರುವುದು ಬೆರಳಿನಷ್ಟು ನೀರು. ಮುಂದೆ ಕಟ್ಟಿದ ಟಾಂಕಿಯೂ ಸಣ್ಣದು. ಆದರೆ ಖಾಲಿ ಮಾಡಿ ಸ್ವಲ್ಪ ಹೊತ್ತು ಬಿಟ್ಟು ಬಂದರೆ ಮತ್ತೆ ತುಂಬಿರುತ್ತದೆ. ವಾರ್ಲಾಕ್ ಆ ಟಾಂಕಿ. ವಿಝರ್ಡ್ ದೊಡ್ಡ ಕೆರೆ, ಒಮ್ಮೆ ಬತ್ತಿದರೆ ಮಾರನೆಯ ಬೆಳಗ್ಗೆಯವರೆಗೆ ಕಾಯಬೇಕು.

5ನೇ ಲೆವೆಲ್‌ನಲ್ಲಿ ಕೂಡಿಸಿ ನೋಡಿ. ವಿಝರ್ಡ್‌ಗೆ 3ನೇ ಹಂತದ ಕಾಳು 2, ದಿನಕ್ಕೊಮ್ಮೆ ಸಣ್ಣ ವಿಶ್ರಾಂತಿಯಲ್ಲಿ ವಾಪಸು ಪಡೆಯಬಹುದಾದದ್ದು 1, ಒಟ್ಟು 3. ದಿನದಲ್ಲಿ ಎರಡು ಸಣ್ಣ ವಿಶ್ರಾಂತಿ ಸಿಕ್ಕಿದರೆ ವಾರ್ಲಾಕ್‌ಗೆ 6. ಒಂದೂ ಸಿಗದಿದ್ದರೆ 2. ಹಾಗಾಗಿ ವಾರ್ಲಾಕ್ ಆಗುವ ಮೊದಲು ಡಂಜನ್ ಮಾಸ್ಟರ್ ಹತ್ತಿರ ಒಂದು ಪ್ರಶ್ನೆ ಕೇಳಲೇಬೇಕು: ದಿನಕ್ಕೆ ಎಷ್ಟು ಸಲ ಕೂರಲು ಬಿಡುತ್ತೀರಿ? ಆತುರದ ಕಥೆ ನಡೆಸುವವರ ಕೈಯಲ್ಲಿ ಈ ಪಾತ್ರ ಬಾಡಿಹೋಗುತ್ತದೆ. ನಮ್ಮಲ್ಲಿ ಚಹಾಕ್ಕೆ ಎದ್ದಾಗ ಕಥೆಯಲ್ಲೂ ಸಣ್ಣ ವಿಶ್ರಾಂತಿ, ಅದರಿಂದ ಯಾರಿಗೂ ಅನ್ಯಾಯವಿಲ್ಲ. 2024ರ ನಿಯಮದಲ್ಲಿ ದಿನಕ್ಕೊಮ್ಮೆ ಒಂದೇ ನಿಮಿಷದಲ್ಲಿ ಅರ್ಧ ತುಂಬಿಸಿಕೊಳ್ಳುವ ದಾರಿಯನ್ನೂ ಕೊಟ್ಟಿದ್ದಾರೆ.

ಎರಡೇ ಕಾಳಿನಲ್ಲಿ ಉಳಿದ ಹೊತ್ತು ಏನು ಮಾಡುವುದು? ಎಲ್ಡ್ರಿಚ್ ಬ್ಲಾಸ್ಟ್ ಎಂಬ ಕ್ಯಾಂಟ್ರಿಪ್ ಇವರ ದಿನದ ಅನ್ನ. 10 ಮುಖದ ಒಂದು ದಾಳ, 5ನೇ ಲೆವೆಲ್‌ನಲ್ಲಿ ಎರಡು ಕಿರಣ, 11ರಲ್ಲಿ ಮೂರು, 17ರಲ್ಲಿ ನಾಲ್ಕು. ಇನ್ವೊಕೇಶನ್ ಎಂಬ ಶಾಶ್ವತ ವರಗಳೂ ಇವೆ. ಮಾಸ್ಕ್ ಆಫ್ ಮೆನಿ ಫೇಸಸ್ ತೆಗೆದುಕೊಂಡರೆ ಬೇಕೆಂದಾಗ ವೇಷ ಬದಲಿಸಬಹುದು, ಕಾಳು ಬೇಡ.

ಎಲ್ಲರಿಗಿಂತ ಕೊನೆಗೆ ತೀರ್ಮಾನ ಮಾಡುವವರು ಪ್ಯಾಲಡಿನ್. ಇವರಿಗೂ ಮಂತ್ರದ ಪಟ್ಟಿ ಇದೆ, ಬೆಳಗ್ಗೆ ಸಿದ್ಧ ಮಾಡಿಕೊಳ್ಳುತ್ತಾರೆ. ಆದರೆ ಹೆಚ್ಚಿನವರ ಕಾಳು ಹೋಗುವುದು ಡಿವೈನ್ ಸ್ಮೈಟ್‌ಗೆ. ಕತ್ತಿ ಬೀಸಿ, ದಾಳ ಹಾಕಿ, ಪೆಟ್ಟು ತಾಗಿದ್ದು ಗೊತ್ತಾದ ಮೇಲೆ ಒಂದು ಕಾಳು ಕೊಟ್ಟು ಪೆಟ್ಟಿಗೆ ಬೆಳಕಿನ ಬಲ ಸೇರಿಸಬಹುದು. ಮೊದಲ ಗುಳಿಯ ಕಾಳಿಗೆ 8 ಮುಖದ 2 ದಾಳ, ಆಮೇಲೆ ಗುಳಿಗೆ ಒಂದರಂತೆ ಜಾಸ್ತಿ, 5ರವರೆಗೆ. ವಿಝರ್ಡ್ ಮಂತ್ರ ಹಾಕಿ ವೈರಿ ತಪ್ಪಿಸಿಕೊಂಡರೆ ಕಾಳು ದಂಡವಾಗಬಹುದು. ಪ್ಯಾಲಡಿನ್‌ನ ಸ್ಮೈಟ್ ದಂಡವಾಗುವುದೇ ಇಲ್ಲ. ದಾಳದಲ್ಲಿ 20 ಬಿದ್ದರೆ ಎಲ್ಲ ದಾಳ ಎರಡು ಪಟ್ಟು. ಅದನ್ನು ಕಣ್ಣಾರೆ ನೋಡಿದ ಮೇಲೆ ಕಾಳು ಎತ್ತಬಹುದು. 2024ರಲ್ಲಿ ಇದನ್ನು ಒಂದು ಮಂತ್ರವಾಗಿ ಬದಲಿಸಿದ್ದಾರೆ, ಒಂದು ಸರದಿಯಲ್ಲಿ ಒಂದೇ ಸಲ. ಆದರೂ ಪೆಟ್ಟು ತಾಗಿದ ಮೇಲೆಯೇ ತೀರ್ಮಾನ.

ರೇಂಜರ್ ಬೇಟೆಗಾರ, ಮಂತ್ರ ಅವರಿಗೆ ಜೊತೆಗೆ ಇಟ್ಟುಕೊಂಡ ಚೂರಿ ಇದ್ದ ಹಾಗೆ. ಹಂಟರ್ಸ್ ಮಾರ್ಕ್ ಹಾಕಿದ ವೈರಿಗೆ ಪ್ರತಿ ಪೆಟ್ಟಿಗೂ 6 ಮುಖದ ಒಂದು ದಾಳ ಜಾಸ್ತಿ. ಅದಕ್ಕೂ ಕಾನ್ಸಂಟ್ರೇಶನ್ ಬೇಕು, ರೇಂಜರ್‌ನ ಬಹುಪಾಲು ತಲೆನೋವು ಅದೇ.

ಒಂದೇ ಜಾಗಕ್ಕೆ ಎಲ್ಲರನ್ನೂ ತಂದರೆ ಇದು ಸ್ಪಷ್ಟವಾಗುತ್ತದೆ. ನಮ್ಮ ಕಥೆಯಲ್ಲಿ ಹೊಳೆಯ ದಂಡೆಯಲ್ಲಿ ಒಂದು ಕೋಟೆ ಇದೆ, ಚಂದ್ರಗಿರಿ ಕೋಟೆಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬಾಗಿಲಲ್ಲಿ ಆರು ಕಾವಲುಗಾರರು, ಒಳಗೆ ಒಬ್ಬ ಸೆರೆಯಾಳು. ವಿಝರ್ಡ್ ಹಿಂದಿನ ದಿನವೇ ತನ್ನ ಗೂಬೆಯನ್ನು ಕಳಿಸಿ ಲೆಕ್ಕ ತೆಗೆದು, ಬೆಳಗ್ಗೆ ಅದಕ್ಕೆ ತಕ್ಕ ಮಂತ್ರ ಸಿದ್ಧ ಮಾಡಿಕೊಳ್ಳುತ್ತಾರೆ. ಕ್ಲೆರಿಕ್ ಈವತ್ತು ಮಾತ್ರ ಸೈಲೆನ್ಸ್ ತೆಗೆದುಕೊಳ್ಳುತ್ತಾರೆ, 20 ಅಡಿ ಸುತ್ತ ಸದ್ದೇ ಇಲ್ಲ, ಕಾವಲುಗಾರರು ಕೂಗಿದರೂ ಕೇಳುವುದಿಲ್ಲ. ಡ್ರೂಯಿಡ್ ಇಲಿಯಾಗಿ ಬಾಗಿಲ ಸಂದಿಯಲ್ಲಿ ನುಸುಳುತ್ತಾರೆ. ವಾರ್ಲಾಕ್ ಕಾವಲುಗಾರರ ನಾಯಕನ ಮುಖ ಹೊತ್ತು ನಡೆದೇ ಹೋಗುತ್ತಾರೆ. ರೇಂಜರ್ ಪಾಸ್ ವಿದೌಟ್ ಟ್ರೇಸ್ ಹಾಕಿದರೆ ಕವಚದ ಸದ್ದು ಮಾಡುವ ಪ್ಯಾಲಡಿನ್ ಸಹಿತ ಎಲ್ಲರಿಗೂ ಅಡಗುವುದರಲ್ಲಿ 10 ಅಂಕ ಜಾಸ್ತಿ.

ಸೋರ್ಸರರ್? ನಮ್ಮ ಹುಡುಗಿ ಆರಿಸಿಕೊಂಡದ್ದು ಅದನ್ನೇ. ಕಳೆದ ಭಾನುವಾರ ಎಲ್ಲ ಉಪಾಯವೂ ಕೆಟ್ಟು ಅವಳ ಪಾತ್ರ ಸೆರೆ ಸಿಕ್ಕಿತು. ಕೈ ಕಟ್ಟಿದ್ದರು, ಬಾಯಿ ಕಟ್ಟಿದ್ದರು. ನಾನು ಕತ್ತಲೆ ಕೋಣೆಯ ವರ್ಣನೆ ಶುರು ಮಾಡಿದ್ದೆ. "ಕಿಟಕಿ ಉಂಟಾ ಅಪ್ಪಚ್ಚಿ?" ಎಂದು ಕೇಳಿದಳು. ಉಂಟು ಎಂದೆ. ಎರಡನೇ ಗುಳಿಯಿಂದ ಒಂದು ಕಾಳು ತೆಗೆದು ನನ್ನ ಮುಂದೆ ಇಟ್ಟಳು, ಒಂದು ಪಾಯಿಂಟ್ ಅಳಿಸಿದಳು, ಏನೂ ಮಾತಾಡಲಿಲ್ಲ. ಭಾವ ಮಾತ್ರ ಜಗಲಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆಡಿ ನೋಡಬೇಕು ಅನಿಸಿದವರು ಪುಸ್ತಕಕ್ಕೆ ದುಡ್ಡು ಹಾಕಬೇಕೆಂದಿಲ್ಲ. 2014ರ ಆವೃತ್ತಿಯ ಮೂಲ ನಿಯಮಗಳನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಹೆಸರು ಎಸ್‌ಆರ್‌ಡಿ 5.1, ಉಚಿತವಾಗಿ ಇಳಿಸಿಕೊಳ್ಳಬಹುದು. ಇಲ್ಲಿ ಹೇಳಿದ ವರ್ಗಗಳೆಲ್ಲ ಅದರಲ್ಲಿವೆ, ಒಳಗಿನ ಉಪವರ್ಗ ಮಾತ್ರ ಒಂದೊಂದೇ.

ಬರುವ ಭಾನುವಾರ ಅವಳು 4ನೇ ಲೆವೆಲ್‌ಗೆ ಏರುತ್ತಾಳೆ. ಒಂದು ಹೊಸ ಮಂತ್ರ ಸಿಗುತ್ತದೆ, ಹಳೆಯ ಒಂದನ್ನು ಬದಲಿಸಬಹುದು. ವಾರವಿಡೀ ಅದೇ ಯೋಚನೆ. ನಿನ್ನೆ ಊಟಕ್ಕೆ ಕೂತಾಗಲೂ ಕೇಳಿದಳು: "ಸ್ಲೀಪ್ ತೆಗೆದು ಬೇರೆ ಹಾಕಿದರೆ ತೊಂದರೆ ಉಂಟಾ?" ಸ್ಲೀಪ್ ಮಂತ್ರಕ್ಕೆ 8 ಮುಖದ 5 ದಾಳ, ಸರಾಸರಿ 22.5. ಅಷ್ಟು ಜೀವ ಇರುವವರನ್ನು ಮಾತ್ರ ಅದು ಮಲಗಿಸುತ್ತದೆ. ಮೊದಲ ಲೆವೆಲ್‌ನಲ್ಲಿ ಅದು ಇಡೀ ಗುಂಪನ್ನೇ ಬೀಳಿಸುತ್ತಿತ್ತು. ಇನ್ನು ಮೇಲೆ ಎದುರು ಬರುವವರಲ್ಲಿ ಒಬ್ಬೊಬ್ಬರಿಗೇ ಅದಕ್ಕಿಂತ ಜಾಸ್ತಿ ಇರುತ್ತದೆ. ತೆಗೆ ಎಂದೆ.